ಕರಡಿ ಬಿತ್ತಿದ ಮುಳ್ಳಿಲ್ಲದ ಎಲಚಿ

ಮಕ್ಕಳೇ, ನೀವು ಎಲಚಿ ಹಣ್ಣು ತಿಂದಿರುತ್ತೀರಿ. ಕೆಲವು ಊರುಗಳಲ್ಲಿ ಅದನ್ನು ಬೋರೆ ಎನ್ನುತ್ತಾರೆ, ಕೆಲವು ಕಡೆ ಬಾರೆ. ಸಂಕ್ರಾಂತಿಯ ಹೊತ್ತಿಗೆ ಬುಟ್ಟಿಗಳಲ್ಲಿ ಬರುತ್ತದೆ. ತಿಂದು ಬೀಜ ಉಗುಳುತ್ತೀರಿ, ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತೀರಿ, ಅಲ್ಲಿಗೆ ಮುಗಿಯಿತು. ಆದರೆ ಆ ಹಣ್ಣನ್ನು ಗಿಡದಿಂದ ಕಿತ್ತವರ ಕೈಗಳನ್ನು ಒಮ್ಮೆ ನೋಡಬೇಕು. ಮೈಯೆಲ್ಲ ಮುಳ್ಳಿರುವ ಗಿಡ ಅದು. ಈ ಕತೆ ಆ ಮುಳ್ಳುಗಳದು.

ಹೆಬ್ಬಂಡೆ ಗುಡ್ಡ ಎಂಬ ಗುಡ್ಡವೊಂದಿತ್ತು. ಮಳೆ ಲೆಕ್ಕ ಹಾಕಿ ಬೀಳುವ ಸೀಮೆಯಲ್ಲಿ ಅದು ಬಂಡೆಗಳ ಮೇಲೆ ಬಂಡೆ ಪೇರಿಸಿಟ್ಟ ಹಾಗೆ ಕೂತಿತ್ತು. ಗುಡ್ಡದ ನೆತ್ತಿಯಲ್ಲಿ ಸದಾ ಗಾಳಿ. ಅಲ್ಲಿನ ಗಿಡಗಳು ತಲೆಯೆತ್ತುವ ಉಸಾಬರಿಗೇ ಹೋಗದೆ ಬಂಡೆಗೆ ಹೊಟ್ಟೆ ಹಚ್ಚಿ ಹರಡಿಕೊಂಡಿದ್ದವು. ಕೆಳಗಿನ ಇಳಿಜಾರಿನಲ್ಲಿ ಬಿಸಿಲು. ಅಲ್ಲಿ ಕಳ್ಳಿ ಇತ್ತು, ಎಲೆಯಿಲ್ಲದ ದಪ್ಪ ಕಾಂಡದ ತುಂಬ ಹಾಲು ತುಂಬಿಕೊಂಡು ನಿಂತಿತ್ತು. ಎಲಚಿ ಇತ್ತು, ಗೇಣುಗೇಣಿಗೂ ಕೊಕ್ಕೆಯಂಥ ಮುಳ್ಳು, ಎಲೆಗಳು ಮಾತ್ರ ಬೆರಳಿನ ಉಗುರಿನಷ್ಟು.

ಗುಡ್ಡದ ನಡುವೆ ಒಂದು ದೊಣೆ ಇತ್ತು. ದೊಣೆ ಎಂದರೆ ಬಂಡೆಯ ತಗ್ಗಿನಲ್ಲಿ ನಿಂತ ನೀರು. ಅದರ ಸುತ್ತಲೂ ಗೋಡೆಯಂಥ ಕಡಿದಾದ ಬಂಡೆಗಳು. ಉಗುರು ಗಟ್ಟಿ ಇದ್ದವರು ಹತ್ತಿ ಒಳಗಿಳಿಯಬಹುದು, ರೆಕ್ಕೆ ಇದ್ದವರು ಹಾರಿ ಹೋಗಬಹುದು. ಗೊರಸಿನವರಿಗೂ ಮೊಲಗಳಿಗೂ ಅದು ಆಗದ ಮಾತು. ಆ ದೊಣೆಯ ದಂಡೆಯಲ್ಲೂ ನಾಲ್ಕಾರು ಎಲಚಿ ಗಿಡಗಳಿದ್ದವು. ಅಗಲವಾದ ಎಲೆ, ಮೆತ್ತಗಿನ ಕೊಂಬೆ. ಮುಳ್ಳು ಹುಡುಕಿದರೂ ಸಿಗುತ್ತಿರಲಿಲ್ಲ.

ಈ ಗುಡ್ಡದ ಒಂದು ಗವಿಯಲ್ಲಿ ಜೂಲವ್ವ ಎಂಬ ಕರಡಿ ತನ್ನ ಮರಿ ಬುಗುರಿಯೊಂದಿಗೆ ಇದ್ದಳು. ಜೂಲವ್ವ ಕೆಟ್ಟವಳಲ್ಲ. ನೆರೆಹೊರೆಯವರಿಗೆ ಜೇನುಗೂಡಿನ ಸುದ್ದಿ ಕೊಡುತ್ತಿದ್ದಳು, ಬಂಡೆ ಅಡ್ಡ ಬಿದ್ದರೆ ಪಕ್ಕಕ್ಕೆ ಉರುಳಿಸುತ್ತಿದ್ದಳು. ಆದರೆ ಅವಳಿಗೆ ಒಂದು ಚಟ. ಯಾರನ್ನು ಕಂಡರೂ ಅವರ ಗುಣ ಇಂಥದ್ದೇ ಎಂದು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದಳು. ನೆತ್ತಿಯ ಗಿಡಗಳು ಸೋಮಾರಿಗಳು, ಅದಕ್ಕೇ ಮಲಗಿವೆ. ಕಳ್ಳಿ ಜಿಪುಣ, ಅದಕ್ಕೇ ಎಲ್ಲವನ್ನೂ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದೆ. ಇಳಿಜಾರಿನ ಎಲಚಿ ಸಿಡುಕಿ. ದೊಣೆಯ ಎಲಚಿ ಮಾತ್ರ ಒಳ್ಳೆಯ ಮನೆತನದ್ದು. ಹೀಗೆ ಗುಡ್ಡದ ಮೇಲಿನ ಗಿಡಗಂಟಿಗಳಿಗೆಲ್ಲ ಅವಳು ಗುಣದ ಸರ್ಟಿಫಿಕೇಟ್ ಹಂಚಿ ಮುಗಿಸಿದ್ದಳು.

ಒಂದು ಚಳಿಗಾಲ, ಇಳಿಜಾರಿನ ಎಲಚಿ ಹಣ್ಣಾದ ಹೊತ್ತಿನಲ್ಲಿ, ಬುಗುರಿ ಆಸೆಗೆ ಬಿದ್ದು ಮೂತಿಯನ್ನು ಪೊದೆಯೊಳಗೆ ತೂರಿಸಿತು. ಮುಳ್ಳು ಮೂಗಿನ ಮೆತ್ತನೆಯ ಜಾಗಕ್ಕೇ ಹೊಕ್ಕು ಒಳಗೇ ಮುರಿಯಿತು. ಮರುದಿನ ಮೂತಿ ಊದಿಕೊಂಡಿತು. ಮರಿಗೆ ತಿನ್ನಲಾಗದು, ಗೆದ್ದಲು ಹೀರಲಾಗದು. ಗವಿಯ ಮೂಲೆಯಲ್ಲಿ ಕೂತು ಕುಂಯ್‌ಗುಟ್ಟುತ್ತಿತ್ತು. ಜೂಲವ್ವ ನೆಕ್ಕಿ ನೆಕ್ಕಿ ಮುಳ್ಳನ್ನು ಹೊರಗೆ ತೆಗೆಯುವಷ್ಟರಲ್ಲಿ ಅವಳ ಕರುಳು ಬಾಯಿಗೆ ಬಂದಿತ್ತು.

ಮರಿಯ ಮೂಗು ವಾಸಿಯಾಯಿತು. ತಾಯಿಯ ಸಿಟ್ಟು ವಾಸಿಯಾಗಲಿಲ್ಲ. ಅವಳು ಬುಗುರಿಯನ್ನು ಬೆನ್ನ ಮೇಲೆ ಹೊತ್ತು ದೊಣೆಗೆ ಹತ್ತಿದಳು. ಅಲ್ಲಿ ಮರಿ ಹೇಗೆ ಬೇಕೋ ಹಾಗೆ ಮೂತಿ ತೂರಿಸಿ ಹಣ್ಣು ತಿಂದಿತು, ಎಲೆಗಳಲ್ಲಿ ಹೊರಳಾಡಿತು. ಒಂದು ಗೀರೂ ಬೀಳಲಿಲ್ಲ. ಜೂಲವ್ವನಿಗೆ ಅಲ್ಲೇ ಒಂದು ಯೋಚನೆ ಹೊಳೆಯಿತು. ಇಂಥ ಒಳ್ಳೆಯ ಗಿಡ ಇಲ್ಲಿರುವಾಗ ಕೆಳಗೆ ಆ ಸಿಡುಕಿಯನ್ನು ಯಾಕೆ ಸಹಿಸಬೇಕು? ಅದನ್ನೆಲ್ಲ ಕಿತ್ತುಹಾಕಿ ಇದನ್ನೇ ಇಳಿಜಾರಿನ ತುಂಬ ಬೆಳೆಸಿದರಾಯಿತು.

ಕರಡಿ ಹೇಗೆ ಬೆಳೆಸುತ್ತದೆ ಎಂದು ನೀವು ಕೇಳಬಹುದು. ಅದಕ್ಕೆ ನೇಗಿಲು ಬೇಡ, ಕುಡುಗೋಲು ಬೇಡ. ಕರಡಿ ಹಣ್ಣನ್ನು ಬೀಜ ಸಮೇತ ನುಂಗುತ್ತದೆ, ಊರೆಲ್ಲ ಸುತ್ತುತ್ತದೆ, ಹೋದ ಹೋದಲ್ಲಿ ಹಿಕ್ಕೆ ಹಾಕುತ್ತದೆ. ಹಿಕ್ಕೆಯೊಳಗೆ ಬೀಜ ಇರುತ್ತದೆ, ಜೊತೆಗೆ ಗೊಬ್ಬರವೂ ಇರುತ್ತದೆ. ಮಳೆ ಬಿದ್ದರೆ ಗಿಡ. ನಗಬೇಡಿ, ಗುಡ್ಡದ ಎಷ್ಟೋ ಗಿಡಗಳು ಹುಟ್ಟಿದ್ದು ಹೀಗೆಯೇ. ಅಲ್ಲಿಯವರೆಗೆ ಕರಡಿಗಳು ಈ ಕೆಲಸವನ್ನು ಯೋಚನೆಯಿಲ್ಲದೆ ಮಾಡುತ್ತಿದ್ದವು. ಜೂಲವ್ವ ಮೊದಲ ಬಾರಿಗೆ ಯೋಚಿಸಿ ಮಾಡಲು ಹೊರಟಳು.

ಆ ಚಳಿಗಾಲ ಪೂರ್ತಿ ಅವಳು ದೊಣೆಯ ಹಣ್ಣನ್ನಷ್ಟೇ ತಿಂದು, ಇಳಿಜಾರಿಗೆ ಬಂದು, ಜಾಗ ನೋಡಿ ನೋಡಿ ಕೂತಳು. ಬುಗುರಿಗೂ ಹಾಗೇ ಕಲಿಸಿದಳು. ಮುಂಗಾರು ಬಿದ್ದು ನೆಲ ಮೆತ್ತಗಾದ ಮೇಲೆ ಹಳೆಯ ಮುಳ್ಳಿನ ಎಲಚಿಗೆ ಕೈ ಹಾಕಿದಳು. ಗೆದ್ದಲಿನ ಹುತ್ತ ಒಡೆಯುವ ಉಗುರು ಅವಳದು. ಬುಡ ಬಗೆದು ಬೇರು ಸಮೇತ ಎಳೆದು ಬಿಸಿಲಿಗೆ ಎಸೆಯತೊಡಗಿದಳು.

ಒಂದು ಪೊದೆಯ ಬುಡಕ್ಕೆ ಬಂದಾಗ ಒಳಗಿನಿಂದ ಗೌಜಲ ಹಕ್ಕಿ ಚುಕ್ಕಕ್ಕ ಓಡಿ ಬಂದಳು. ಗೌಜಲ ಹಕ್ಕಿಗಳು ಹಾರುವುದಕ್ಕಿಂತ ಓಡುವುದೇ ಹೆಚ್ಚು. ಅವು ಮೊಟ್ಟೆಯಿಡುವುದೂ ನೆಲದ ಮೇಲೆಯೇ. ಚುಕ್ಕಕ್ಕ ಆ ಪೊದೆಯ ಅಡಿಯಲ್ಲಿ ಪ್ರತಿ ವರ್ಷ ಮರಿ ಮಾಡುತ್ತಿದ್ದಳು.

"ಇದೊಂದು ಪೊದೆ ಬಿಟ್ಟುಬಿಡವ್ವ," ಎಂದಳು ಚುಕ್ಕಕ್ಕ. "ಈ ಮುಳ್ಳು ನಂಗೆ ಬಾಗಿಲಿದ್ದ ಹಾಗೆ. ಮುಂಗುಸಿ ಹೊರಗಡೆಯೇ ನಿಂತು ಮೂಸಿ ಹೋಗ್ತದೆ."

ಜೂಲವ್ವ ಅವಳನ್ನು ಕನಿಕರದಿಂದ ನೋಡಿದಳು. ಇಷ್ಟು ವರ್ಷ ಈ ಸಿಡುಕಿಯ ಜೊತೆ ಬಾಳಿ ನಿನಗೂ ಹೆದರುವ ಬುದ್ಧಿ ಬಂದಿದೆ, ಇದರ ಜಾಗದಲ್ಲಿ ಮೆತ್ತಗಿನ ಗಿಡ ಬರುತ್ತದೆ, ಗಾಯವಿಲ್ಲದೆ ಓಡಾಡಬಹುದು ಎಂದು ಸಮಾಧಾನ ಹೇಳಿದಳು. ಹೇಳುತ್ತಲೇ ಪೊದೆಯನ್ನು ಕಿತ್ತಳು. ಚುಕ್ಕಕ್ಕ ಆ ಗುಂಡಿಗೆ ಒಂದು ಸುತ್ತು ಹಾಕಿ ಹುಲ್ಲಿನೊಳಗೆ ಹೊರಟುಹೋದಳು.

ಹೀಗೆ ಕೇಳದೆ ಮಾಡಿದಳು ಎಂದು ನಾಳೆ ಯಾರೂ ಅನ್ನಬಾರದಲ್ಲ. ಅದಕ್ಕೆ ಜೂಲವ್ವ ಕೊಂಡುಕುರಿ ನಾಲ್ಕೊಂಬಯ್ಯನ ಹತ್ತಿರ ಹೋದಳು. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಪುಟ್ಟ ಜಿಂಕೆಯಂಥ ಪ್ರಾಣಿ. ನಾಲ್ಕೊಂಬಯ್ಯ ಮಾತು ಕಡಿಮೆಯವನು, ಮರ್ಯಾದೆಯವನು. ಇಳಿಜಾರಿನ ಎಲೆ ತಿಂದೇ ಅವನ ಸಂಸಾರ ನಡೆಯುತ್ತಿತ್ತು. ಮುಳ್ಳಿನ ಎಲಚಿ ತೆಗೆದು ಮುಳ್ಳಿಲ್ಲದ ಎಲಚಿ ಬೆಳೆಸುತ್ತಿದ್ದೇನೆ, ನಿನಗೇನಾದರೂ ತೊಂದರೆಯೇ ಎಂದು ಜೂಲವ್ವ ಕೇಳಿದಳು.

ನಾಲ್ಕೊಂಬಯ್ಯ ಮೆಲುಕು ನಿಲ್ಲಿಸಿದ. ತುಟಿಯನ್ನು ಒಮ್ಮೆ ನೆಕ್ಕಿಕೊಂಡ.

"ನಂಗೇನೂ ತೊಂದರೆ ಇಲ್ಲಮ್ಮ," ಎಂದ.

ಜೂಲವ್ವ ಖುಷಿಯಿಂದ ಮನೆಗೆ ಬಂದಳು. ಮರ್ಯಾದಸ್ಥರು ಯಾವಾಗಲೂ ಒಳ್ಳೆಯ ಕೆಲಸಕ್ಕೆ ಒಪ್ಪುತ್ತಾರೆ ಎಂದು ಬುಗುರಿಗೆ ಹೇಳಿದಳು.

ಮಳೆಗಾಲದ ನಡುವಿಗೆ ಇಳಿಜಾರು ನೋಡಲು ಎರಡು ಕಣ್ಣು ಸಾಲದು ಎನ್ನುವಂತಾಯಿತು. ಹಿಕ್ಕೆ ಬಿದ್ದಲ್ಲೆಲ್ಲ ಎಳೆಯ ಎಲಚಿ ಸಸಿಗಳು. ಅಗಲ ಎಲೆ, ಮುಳ್ಳಿಲ್ಲದ ಕಾಂಡ. ಜೂಲವ್ವ ಬೆಳಿಗ್ಗೆ ಸಂಜೆ ಒಂದು ಸುತ್ತು ಹಾಕಿ ನೋಡಿ ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದಳು. ಕಲಿಸಿದರೆ ಗಿಡವೂ ಕಲಿಯುತ್ತದೆ ಎನ್ನುತ್ತಿದ್ದಳು. ಸಸಿಗಳಿಗೆ ಅವಳು ಏನೂ ಕಲಿಸಿರಲಿಲ್ಲ. ತಾಯಿಗಿಡ ಹೇಗಿತ್ತೋ ಅವೂ ಹಾಗೆ ಹುಟ್ಟಿದ್ದವು, ಅಷ್ಟೇ.

ಮಳೆ ಹಿಂದೆ ಸರಿಯಿತು. ನೆಲ ಬಿರಿಯಿತು, ಹುಲ್ಲು ಒಣಗಿ ಹಳದಿಯಾಯಿತು. ಬಂಡೆಗಳು ಹಗಲೆಲ್ಲ ಕಾದು ಸಂಜೆಯವರೆಗೂ ಬಿಸಿ ಉಗುಳುತ್ತಿದ್ದವು. ದೊಣೆಯ ದಂಡೆಯಲ್ಲಾದರೆ ಬೇರಿಗೆ ಸದಾ ನೀರು, ಎಲೆ ಎಷ್ಟು ಅಗಲವಿದ್ದರೂ ನಡೆಯುತ್ತದೆ. ಇಲ್ಲಿ ಅಗಲ ಎಲೆಯಿಂದ ಇದ್ದಬದ್ದ ನೀರೆಲ್ಲ ಗಾಳಿಗೆ ಹೋಯಿತು. ಬಿಸಿಲಿನ ಕಡೆಯ ಸಸಿಗಳು ಸುಟ್ಟ ಹಪ್ಪಳದಂತೆ ಸುರುಟಿಕೊಂಡವು. ಬಂಡೆಯ ನೆರಳಿನಲ್ಲಿದ್ದವು ಮಾತ್ರ ಹೇಗೋ ಹಸಿರಾಗಿ ಉಳಿದವು.

ಹಾಗೆ ಉಳಿದಿದ್ದೇ ಅವಕ್ಕೆ ಮುಳುವಾಯಿತು. ಇಡೀ ಇಳಿಜಾರಿನಲ್ಲಿ ಹಸಿರು ಎಂದರೆ ಅವೇ. ಒಂದು ದಿನ ಜೂಲವ್ವ ಸುತ್ತು ಹಾಕಲು ಹೋದಾಗ ಸಸಿಗಳು ಇದ್ದ ಜಾಗದಲ್ಲಿ ಬೆರಳುದ್ದದ ಮೋಟುಗಳಿದ್ದವು. ಕಚ್ಚಿದ ಗುರುತು ಹಸಿಯಾಗಿಯೇ ಇತ್ತು. ಸುತ್ತಲೂ ಮೊಲದ ಹಿಕ್ಕೆ, ಕೊಂಡುಕುರಿಯ ಗೊರಸಿನ ಗುರುತು. ಅವಳು ಮೋಟಿನಿಂದ ಮೋಟಿಗೆ ಓಡಿದಳು. ಎಲ್ಲ ಕಡೆಯೂ ಅದೇ ಕತೆ.

ಅಲ್ಲೇ ಒಂದು ಬಂಡೆಯ ಮೇಲೆ ಚುಕ್ಕಕ್ಕ ಕೂತಿದ್ದಳು. ಜೊತೆಗೆ ಮರಿಗಳಿರಲಿಲ್ಲ. ಈ ವರ್ಷದ ಮರಿಗಳೆಲ್ಲಿ ಎಂದು ಜೂಲವ್ವ ಕೇಳಿದಳು.

"ಪೊದೆ ಇರಲಿಲ್ಲವಲ್ಲ, ಬಯಲಲ್ಲಿ ಹುಲ್ಲಿನ ನಡುವೆ ಮೊಟ್ಟೆ ಇಟ್ಟೆ," ಎಂದಳು ಚುಕ್ಕಕ್ಕ. "ಮುಂಗುಸಿ ನಾನು ನೋಡ್ತಿದ್ದ ಹಾಗೇ ಒಂದೊಂದಾಗಿ ಒಡೆದು ಕುಡೀತು. ನಾನು ಏನು ಮಾಡಲಿ ಹೇಳು, ನನ್ನ ಹತ್ತಿರ ಮುಳ್ಳಿಲ್ಲ."

ಜೂಲವ್ವನಿಗೆ ನಾಚಿಕೆಯಾಯಿತು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚುಕ್ಕಕ್ಕ ಬಂಡೆಯಿಂದಿಳಿದು ಸಂದಿಯೊಂದರ ಹಿಂದೆ ಮರೆಯಾದಳು.

ಚಳಿಗಾಲ ಬಂತು. ಎಲಚಿ ಹಣ್ಣಾಗುವ ಕಾಲ. ಇಳಿಜಾರಿನಲ್ಲಿ ಎಲಚಿಯೇ ಇರಲಿಲ್ಲ. ದೊಣೆಯ ನಾಲ್ಕಾರು ಗಿಡಗಳು ಕಾಯಿ ಬಿಟ್ಟಿದ್ದು ನಿಜ, ಆದರೆ ಬೇರೆಲ್ಲೂ ಎಲಚಿ ಸಿಗದ ಗಿಳಿಗಳು ಹಿಂಡುಹಿಂಡಾಗಿ ಅಲ್ಲಿಗೇ ಬಂದು ಕಾಯಿ ಇರುವಾಗಲೇ ಮುಗಿಸಿದ್ದವು. ಜೂಲವ್ವ ಹತ್ತಿ ನೋಡಿದಾಗ ಕೊಂಬೆಗಳು ಬರಿದಾಗಿದ್ದವು. ದಂಡೆಯ ತುಂಬ ಬರೀ ಸಿಪ್ಪೆ.

ಕರಡಿಗಳ ಸಂಗತಿ ನಿಮಗೆ ಹೇಳಬೇಕು. ಚಳಿಗಾಲದ ಹಣ್ಣು ತಿಂದು ಮೈಗೂಡಿಸಿಕೊಂಡರೆ ಮಾತ್ರ ಅವು ಬೇಸಿಗೆ ದಾಟುತ್ತವೆ. ಬೇಸಿಗೆಯಲ್ಲಿ ಹುತ್ತಗಳು ಕಲ್ಲಾಗುತ್ತವೆ, ಗೆದ್ದಲು ಆಳಕ್ಕೆ ಇಳಿಯುತ್ತದೆ. ದೊಡ್ಡ ಕರಡಿ ಹೇಗೋ ಸಾಗಿಸೀತು. ಬೆಳೆಯುವ ಮರಿಗೆ ಕಷ್ಟ. ಬುಗುರಿಯ ಬೆನ್ನಿನ ಮೂಳೆ ಆಗಲೇ ಕೂದಲಿನಡಿ ಎದ್ದು ಕಾಣುತ್ತಿತ್ತು. ಅದು ಆಟ ಬಿಟ್ಟಿತು. ತಾಯಿ ಹೊರಟರೆ ಹಿಂದೆ ಬರಲು ಎದ್ದು ಮತ್ತೆ ಕೂತುಬಿಡುತ್ತಿತ್ತು. ಜೂಲವ್ವ ಒಂದೊಂದು ಹುತ್ತದ ಮುಂದೆಯೂ ಉಗುರು ಮುರಿಯುವಷ್ಟು ಅಗೆದು ಒಂದು ಬಾಯಿ ಗೆದ್ದಲು ತರುತ್ತಿದ್ದಳು. ಅದು ಯಾವ ಮೂಲೆಗೂ ಸಾಲದು.

ಕೊನೆಗೆ ಅವಳ ದುಃಖವೆಲ್ಲ ಸಿಟ್ಟಾಗಿ ತಿರುಗಿತು. ಬುಗುರಿಯನ್ನು ಬೆನ್ನ ಮೇಲೆ ಹಾಕಿಕೊಂಡು ಸೀದಾ ನಾಲ್ಕೊಂಬಯ್ಯನ ಜಾಗಕ್ಕೆ ಹೋದಳು. ನನ್ನ ಸಸಿಗಳನ್ನು ಮೇಯ್ದವನು ನೀನು, ನನ್ನ ಮರಿಯ ಬಾಯಿಗೆ ಮಣ್ಣು ಹಾಕಿದವನು ನೀನು, ಮರ್ಯಾದಸ್ಥನ ಹಾಗೆ ತೊಂದರೆ ಇಲ್ಲ ಎಂದು ಹೇಳಿ ಬೆನ್ನ ಹಿಂದೆ ಹೀಗೆ ಮಾಡಿದೆ ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಬೈದಳು.

ನಾಲ್ಕೊಂಬಯ್ಯ ಓಡಲು ಕಾಲು ಸಿದ್ಧವಾಗಿಟ್ಟುಕೊಂಡೇ ಕೇಳಿಸಿಕೊಂಡ. ಅವಳ ಉಸಿರು ಮುಗಿದ ಮೇಲೆ ಮಾತಾಡಿದ.

"ತಿಂದಿದ್ದು ಹೌದಮ್ಮ. ನೀನು ತೊಂದರೆ ಇದೆಯಾ ಅಂತ ಕೇಳಿದೆ, ನಂಗೆ ತೊಂದರೆ ಇರಲಿಲ್ಲ. ಅದನ್ನ ತಿಂತೀಯಾ ಅಂತ ಕೇಳಿದ್ರೆ ತಿಂತೀನಿ ಅಂತಲೇ ಹೇಳ್ತಿದ್ದೆ."

"ಇಷ್ಟು ವರ್ಷ ಹಳೇ ಎಲಚಿ ಇಲ್ಲೇ ಇತ್ತಲ್ಲ, ಅದನ್ನ ಯಾಕೆ ಮುಗಿಸಲಿಲ್ಲ?" ಎಂದಳು ಜೂಲವ್ವ.

"ಮುಳ್ಳಿತ್ತಲ್ಲ," ಎಂದ ನಾಲ್ಕೊಂಬಯ್ಯ. ಇಷ್ಟು ಸುಲಭದ ಪ್ರಶ್ನೆಯನ್ನು ಯಾಕೆ ಕೇಳುತ್ತಾಳೆ ಎಂದು ಅವನಿಗೆ ಆಶ್ಚರ್ಯ. "ಮುಳ್ಳಿರೋ ಗಿಡಕ್ಕೆ ಬಾಯಿ ಹಾಕ್ತೀನಿ, ತುಟಿ ಚುಚ್ಚುತ್ತೆ, ನಾಲ್ಕು ಎಲೆ ಕಿತ್ತು ಬಿಟ್ಟುಬಿಡ್ತೀನಿ. ಮುಳ್ಳು ಕಮ್ಮಿ ಇರೋದು ಸಿಕ್ಕಿದ್ರೆ ಬುಡದವರೆಗೂ ಮೇಯ್ತೀನಿ. ನಮ್ಮಪ್ಪನೂ ಹಾಗೇ ಮೇಯ್ದ, ಅವರಪ್ಪನೂ ಹಾಗೇ ಮೇಯ್ದ. ಮೆತ್ತಗಿದ್ದವೆಲ್ಲ ನಮ್ಮ ಹೊಟ್ಟೆಗೆ ಹೋದವು, ಅವು ಹಣ್ಣು ಬಿಡೋವರೆಗೂ ಬದುಕಲೇ ಇಲ್ಲ. ಮುಳ್ಳು ಜಾಸ್ತಿ ಇದ್ದವು ಉಳಿದವು, ಅವುಗಳ ಬೀಜ ಬಿತ್ತು, ಅವುಗಳ ಮಕ್ಕಳಿಗೂ ಮುಳ್ಳು. ನೀನು ಆ ಗಿಡನ ಸಿಡುಕಿ ಅಂತೀಯ. ಆ ಮುಳ್ಳು ನಮ್ಮ ಹಲ್ಲಿನ ಕೆಲಸ ಕಣಮ್ಮ."

ದೊಣೆಯ ಗಿಡಗಳಿಗೆ ಮುಳ್ಳು ಯಾಕಿಲ್ಲ ಎಂದು ಜೂಲವ್ವ ಕೇಳಬೇಕೆಂದುಕೊಂಡಳು. ಕೇಳುವ ಮೊದಲೇ ಉತ್ತರ ಗೊತ್ತಾಯಿತು. ಆ ಕಡಿದಾದ ಬಂಡೆಗಳನ್ನು ಯಾವ ಕೊಂಡುಕುರಿಯೂ ಹತ್ತಿಲ್ಲ, ಯಾವ ಮೊಲವೂ ಹತ್ತಿಲ್ಲ. ಮುಳ್ಳು ಬೆಳೆಸುವುದೆಂದರೆ ಗಿಡಕ್ಕೂ ಖರ್ಚು. ತಿನ್ನುವವರೇ ಇಲ್ಲದ ಕಡೆ ಆ ಖರ್ಚಿಲ್ಲದ ಗಿಡವೇ ಚೆನ್ನಾಗಿ ಬೆಳೆದು ಹೆಚ್ಚು ಬೀಜ ಬಿಟ್ಟಿತು. ಯಾವ ಗಿಡವೂ ಕೂತು ಯೋಚಿಸಿ ನಾನು ಮುಳ್ಳಾಗುತ್ತೇನೆ, ನಾನು ಮೆತ್ತಗಾಗುತ್ತೇನೆ ಎಂದು ತೀರ್ಮಾನ ಮಾಡಿರಲಿಲ್ಲ. ಒಂದೊಂದು ಜಾಗವೂ ತನಗೆ ಒಗ್ಗುವ ಸಸಿಗಳನ್ನು ಉಳಿಸಿಕೊಂಡು ಉಳಿದವನ್ನು ಕೈಬಿಟ್ಟಿತ್ತು.

"ಇನ್ನೊಂದು ಮಾತು," ಎಂದ ನಾಲ್ಕೊಂಬಯ್ಯ. ಅವನಿಗೆ ಈಗ ಸ್ವಲ್ಪ ಧೈರ್ಯ ಬಂದಿತ್ತು. "ಎಲಚಿ ಹಣ್ಣಲ್ಲಿ ಹುಳೀದು ಸಿಕ್ಕಿದ್ರೆ ನೀನೇನು ಮಾಡ್ತೀಯ?"

"ಬಿಟ್ಟು ಮುಂದೆ ಹೋಗ್ತೀನಿ," ಎಂದಳು ಜೂಲವ್ವ.

"ನಿಮ್ಮಮ್ಮ?"

"ಅವಳೂ ಹಾಗೇ."

"ಹಂಗಾದ್ರೆ ಹುಳಿ ಹಣ್ಣಿನ ಬೀಜ ಬುಡದಲ್ಲೇ ಬಿದ್ದು ಕೊಳೀತು. ಸಿಹಿ ಹಣ್ಣಿನದು ಗುಡ್ಡ ಎಲ್ಲ ಸುತ್ತಿ ಮೊಳೀತು. ಆ ಸಿಹಿ ನಿಮ್ಮವರ ಕೆಲಸ ಇರಬೇಕು. ಮುಳ್ಳು ನಮ್ಮದು, ಸಣ್ಣ ಎಲೆ ಬಿಸಿಲಿಂದು. ಎಲ್ಲರೂ ಸೇರಿ ಆ ಗಿಡ ಆಗಿದ್ದು. ನೀನೊಬ್ಬಳೇ ಒಂದು ಮಳೆಗಾಲದಲ್ಲಿ ಬದಲಾಯಿಸ್ತೀನಿ ಅಂತ ಹೊರಟೆ."

ಜೂಲವ್ವ ಅಲ್ಲೇ ಕೂತಳು. ಅವಳ ಬೆನ್ನಿನಿಂದ ಬುಗುರಿ ಕೆಳಗಿಳಿದು, ಕೊಂಡುಕುರಿ ಮೇಯ್ದು ಬಿಟ್ಟ ಒಣ ಕಡ್ಡಿಯೊಂದನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಅದರಲ್ಲಿ ಏನೂ ಇರಲಿಲ್ಲ. ಮರಿ ಉಗುಳಿ, ಮತ್ತೆ ಅದನ್ನೇ ಹೆಕ್ಕಿ ಚೀಪಿತು. ಜೂಲವ್ವನಿಗೆ ಅದನ್ನು ನೋಡಲಾಗಲಿಲ್ಲ. ತಾನು ಕಿತ್ತೆಸೆದ ಒಂದೊಂದು ಪೊದೆಯೂ ಅವಳ ಕಣ್ಣ ಮುಂದೆ ಬಂತು, ಹಣ್ಣಿನ ಸಮೇತ.

ಈ ಮಾತನ್ನೆಲ್ಲ ಬಂಡೆಯ ಸಂದಿಯಿಂದ ಚುಕ್ಕಕ್ಕ ಕೇಳುತ್ತಿದ್ದಳು. ಮಕ್ಕಳೇ, ಚುಕ್ಕಕ್ಕನಿಗೆ ಒಂದು ಗುಟ್ಟು ಗೊತ್ತಿತ್ತು. ಗುಡ್ಡದ ಆಚೆ ಮಗ್ಗುಲಲ್ಲಿ ಎರಡು ದೊಡ್ಡ ಬಂಡೆಗಳ ನಡುವಿನ ಬಿರುಕಿನೊಳಗೆ ಬೇರಿಳಿಸಿದ್ದ ಹಳೆಯ ಮುಳ್ಳಿನ ಎಲಚಿ ಮೆಳೆಯೊಂದು ಉಳಿದಿತ್ತು. ಮೊಟ್ಟೆ ಕಳೆದುಕೊಂಡ ಮೇಲೆ ಅವಳು ಅಲೆದಲೆದು ಅದನ್ನು ಹುಡುಕಿಕೊಂಡಿದ್ದಳು. ಈಗ ಅವಳ ಮನೆ ಅದೇ. ಜೂಲವ್ವನಿಗೆ ತಿಳಿದರೆ ಅದನ್ನೂ ಕಿತ್ತಾಳು ಎಂದು ಆ ಕಡೆ ಹೋಗುವಾಗ ಕೂಗುವುದನ್ನೂ ಬಿಟ್ಟಿದ್ದಳು. ಆ ಮೆಳೆಯ ತುಂಬ ಹಣ್ಣಿತ್ತು.

ಹೇಳಬೇಕಾದ ಋಣ ಅವಳಿಗೇನೂ ಇರಲಿಲ್ಲ. ತನ್ನ ಮರಿಗಳು ಮೊಟ್ಟೆಯಲ್ಲೇ ಹೋದದ್ದು ಈ ಕರಡಿಯಿಂದಲೇ. ಚುಕ್ಕಕ್ಕ ಒಮ್ಮೆ ತಿರುಗಿ ಹೊರಟಳು ಕೂಡ. ಹಿಂದಿನಿಂದ ಬುಗುರಿ ಕುಂಯ್ ಎಂದಿತು. ಅವಳ ಕಾಲು ಮುಂದಕ್ಕೆ ಹೋಗಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಇನ್ನೊಂದು ಮರಿ ಹಸಿದು ಅಳುವುದನ್ನು ಕೇಳಿಕೊಂಡಿರುವುದು ಆಗದು. ಅವಳು ಹೊರಗೆ ಬಂದು ಬಂಡೆಯ ಮೇಲೆ ನಿಂತಳು.

"ಒಂದು ಮೆಳೆ ಉಳಿದಿದೆ," ಎಂದಳು. "ಕೀಳಲ್ಲ ಅಂತ ಮಾತು ಕೊಟ್ರೆ ತೋರಿಸ್ತೀನಿ. ಅದು ನನ್ನ ಮನೆ."

ಜೂಲವ್ವ ತಲೆಯೆತ್ತಿ ಅವಳನ್ನು ನೋಡಿದಳು. ನಿನ್ನ ಮನೆಯನ್ನು ಒಮ್ಮೆ ಕಿತ್ತವಳಿಗೆ ಇನ್ನೊಮ್ಮೆ ಬಾಗಿಲು ತೋರಿಸುತ್ತೀಯಾ ಎಂದು ಕೇಳಲು ಹೋಗಿ, ಕಡ್ಡಿ ಚೀಪುತ್ತಿದ್ದ ಬುಗುರಿಯ ಕಡೆ ನೋಡಿದಳು. "ಕೀಳಲ್ಲ," ಎಂದಷ್ಟೇ ಹೇಳಿದಳು.

ಮೂವರೂ ಗುಡ್ಡದ ಆಚೆ ಮಗ್ಗುಲಿಗೆ ಹೋದರು. ಮುಂದೆ ಚುಕ್ಕಕ್ಕ ಓಡುತ್ತಿದ್ದಳು, ಹಿಂದೆ ಮರಿ ಹೊತ್ತ ಕರಡಿ. ಮೆಳೆ ಬಂಡೆಗಳ ನಡುವೆ ಕತ್ತಲೆಯಂತೆ ತುಂಬಿಕೊಂಡಿತ್ತು. ಮುಳ್ಳುಗಳ ನಡುವೆ ಕಂದು ಬಣ್ಣಕ್ಕೆ ತಿರುಗಿದ ಹಣ್ಣು. ಬುಗುರಿ ಹಣ್ಣಿನ ವಾಸನೆಗೆ ಮುಂದೆ ನುಗ್ಗಿತು, ಮುಳ್ಳು ಕಂಡು ಹಿಂದೆ ಸರಿದು ಮೂಗು ಮುಚ್ಚಿಕೊಂಡಿತು.

ಜೂಲವ್ವ ಮರಿಯನ್ನು ಪಕ್ಕಕ್ಕೆ ಸರಿಸಿದಳು. ತನ್ನ ಮೂತಿಯನ್ನು ಮುಳ್ಳಿನೊಳಗೆ ಹಾಕಿದಳು. ಚುಚ್ಚಿತು. ಕಣ್ಣು ಮುಚ್ಚಿಕೊಂಡು ತುಟಿಗಳಿಂದ ಒಂದು ಕೊಂಬೆಯನ್ನು ಮೆಲ್ಲಗೆ ಹಿಡಿದು ಹೊರಕ್ಕೆಳೆದು ಮರಿಯ ಮುಂದೆ ಬಗ್ಗಿಸಿದಳು. ಬುಗುರಿ ತುದಿಯ ಹಣ್ಣು ತಿಂದಿತು, ಆಮೇಲೆ ಅದರ ಹಿಂದಿನದು. ಹೀಗೆ ಕೊಂಬೆಯಿಂದ ಕೊಂಬೆಗೆ ಸಂಜೆಯವರೆಗೂ ನಡೆಯಿತು. ಜೂಲವ್ವನ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಒಂದು ಕೊಂಬೆಯೂ ಮುರಿಯದಂತೆ ಅವಳು ನೋಡಿಕೊಂಡಳು. ಮೆಳೆಯ ಬುಡಕ್ಕೆ ಮಾತ್ರ ಮೂತಿ ಹಾಕಲಿಲ್ಲ, ಅಲ್ಲಿ ಚುಕ್ಕಕ್ಕನ ಗೂಡಿನ ಜಾಗವಿತ್ತು.

ಆ ಹಣ್ಣಿನಿಂದ ಬುಗುರಿ ಬೇಸಿಗೆ ದಾಟಿತು. ದಿನವೂ ತಾಯಿ ಮರಿ ಅಲ್ಲಿಗೆ ಹೋಗಿ ತಿಂದು, ಇಳಿಜಾರಿಗೆ ಬಂದು ಓಡಾಡುತ್ತಿದ್ದರು. ಈ ಬಾರಿ ಜೂಲವ್ವ ಜಾಗ ಆರಿಸಲಿಲ್ಲ. ಅವಳ ಅಮ್ಮ ಹೇಗೆ ಮಾಡುತ್ತಿದ್ದಳೋ ಹಾಗೆ ಹೋದ ಹೋದಲ್ಲಿ ಕೂತೆದ್ದು ಬಂದಳು.

ಮಳೆ ಬಂದಾಗ ಸಸಿಗಳೆದ್ದವು. ಕೆಲವಕ್ಕೆ ಮುಳ್ಳು ಹೆಚ್ಚು, ಕೆಲವಕ್ಕೆ ಕಡಿಮೆ, ಒಂದೆರಡಕ್ಕೆ ಇಲ್ಲವೇ ಇಲ್ಲ. ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ಥರ ಇರುತ್ತಾರೆಯೇ? ನಾಲ್ಕೊಂಬಯ್ಯ ಬಂದು ಮುಳ್ಳಿಲ್ಲದವನ್ನು ಮೇಯ್ದ. ಜೂಲವ್ವ ದೂರದಲ್ಲಿ ಕೂತು ನೋಡಿದಳು. ಹೊಟ್ಟೆ ಉರಿಯಿತು, ಆದರೆ ಓಡಿಸಲಿಲ್ಲ. ಬಿಸಿಲು ತನ್ನ ಪಾಲಿನದನ್ನು ಆರಿಸಿಕೊಂಡಿತು. ಉಳಿದವು ಉಳಿದವು. ಇಳಿಜಾರು ಮೊದಲಿನಂತಾಗಲು ಬುಗುರಿ ಬೆಳೆದು ತಾನೇ ಒಂದು ಮರಿಯ ತಾಯಿಯಾಗುವಷ್ಟು ಕಾಲ ಹಿಡಿಯಿತು.

ಆ ಹೊತ್ತಿಗೆ ಜೂಲವ್ವ ಮುದುಕಿಯಾಗಿದ್ದಳು. ಸರ್ಟಿಫಿಕೇಟ್ ಕೊಡುವ ಚಟ ಬಿಟ್ಟುಹೋಗಿತ್ತು. ವಿಚಿತ್ರ ಗಿಡ ಕಂಡರೆ ಅದರ ಸುತ್ತಮುತ್ತ ನೋಡುತ್ತಿದ್ದಳು. ಇಲ್ಲಿ ಗಾಳಿ ಎಷ್ಟು, ನೀರು ಎಲ್ಲಿದೆ, ಯಾರ ಹಲ್ಲು ಓಡಾಡುತ್ತವೆ ಎಂದು ಹುಡುಕುತ್ತಿದ್ದಳು. ನೆತ್ತಿಯ ಗಿಡಗಳ ಪಕ್ಕ ತಾನೂ ಒಮ್ಮೆ ಎದ್ದು ನಿಂತು ನೋಡಿ, ಗಾಳಿಗೆ ತಡೆಯಲಾರದೆ ಅವುಗಳ ಹಾಗೇ ಹೊಟ್ಟೆ ಹಚ್ಚಿ ಮಲಗಿ ಬಂದಿದ್ದಳು.

ಒಂದು ಚಳಿಗಾಲದ ಬೆಳಿಗ್ಗೆ ಬುಗುರಿಯ ಮರಿ ಇಳಿಜಾರಿನ ಎಲಚಿ ಪೊದೆಯೊಳಗೆ ಮೂತಿ ತೂರಿಸಿ ಚುಚ್ಚಿಸಿಕೊಂಡು ಅತ್ತಿತು. ಬುಗುರಿಗೆ ರೇಗಿತು. ಇದೆಂಥ ಹಾಳು ಗಿಡ, ಇದನ್ನು ಬೇರು ಸಮೇತ ಕಿತ್ತುಹಾಕುತ್ತೇನೆ ಎಂದು ಪೊದೆಯ ಬುಡಕ್ಕೆ ಉಗುರು ಹಾಕಿದಳು. ಚಿಕ್ಕಂದಿನ ಹಸಿವು ಅವಳಿಗೆ ಅಷ್ಟಾಗಿ ನೆನಪಿರಲಿಲ್ಲ.

ಜೂಲವ್ವ ಮೊಮ್ಮಗುವಿನ ಮೂಗಿನ ಮುಳ್ಳು ತೆಗೆಯುತ್ತ, "ಕೀಳೋ ಮೊದಲು ಒಂದು ಗಳಿಗೆ ಸುಮ್ಮನಿದ್ದು ಕೇಳು," ಎಂದಳು.

ಬುಗುರಿ ಉಗುರು ಎತ್ತಿ ಸುಮ್ಮನಾದಳು. ಪೊದೆಯ ಒಳಗೆ, ಮುಳ್ಳುಗಳಾಚೆ, ಗೌಜಲ ಹಕ್ಕಿಯ ಮರಿಗಳು ಒಂದರ ಮೇಲೊಂದು ಕೂಗುತ್ತಿದ್ದವು. ಪೊದೆಯ ಹೊರಗೆ ಒಂದು ಮುಂಗುಸಿ ನಿಂತು ಮೂಸಿ ನೋಡಿತು, ತಲೆ ಕೊಡವಿ ಹೊರಟುಹೋಯಿತು. ಬುಗುರಿ ಉಗುರನ್ನು ಹಿಂದಕ್ಕೆ ತೆಗೆದುಕೊಂಡಳು. ತುಟಿಯಿಂದ ಒಂದು ಕೊಂಬೆಯನ್ನು ಮೆಲ್ಲಗೆ ಹಿಡಿದು ತನ್ನ ಮರಿಯ ಮುಂದೆ ಬಗ್ಗಿಸಿದಳು.

ನೀತಿ: ಒಂದು ಜೀವದ ಗುಣ ಇಂಥದ್ದೇ ಎಂದು ಅಳೆಯುವ ಮೊದಲು, ಅದು ಯಾವ ನೆಲದಲ್ಲಿ, ಯಾರ ನಡುವೆ ಬದುಕಿ ಉಳಿದಿದೆ ಎಂದು ನೋಡಬೇಕು.